ಹೊಳಬಸಪ್ಪನ ಮೊದಲ ಸರಪಳಿ

ನನ್ನ ತಂಗಿ ಕುಸುಮಳ ಗಂಡ ಹೊಳಬಸಪ್ಪನ ಬಲಗೈಯಲ್ಲಿ ಎರಡು ಬೆರಳಿಲ್ಲ. ಗೋಕಾಕ ಕಡೆಯಿಂದ ಲಾರಿ ಕ್ಲೀನರ್ ಆಗಿ ಪುಣೆಗೆ ಬಂದ ಹೊಸದರಲ್ಲೇ ಒಂದು ಸರಪಳಿ ಅವನ್ನು ಜಜ್ಜಿ ಹಾಕಿತು. ಬೇರೆಯವರಾಗಿದ್ದರೆ ಸರಪಳಿ ಕಂಡರೆ ಮಾರು ದೂರ ಸರಿಯುತ್ತಿದ್ದರು. ಈ ಪುಣ್ಯಾತ್ಮ ಅದನ್ನೇ ಹೊಟ್ಟೆಪಾಡು ಮಾಡಿಕೊಂಡ. ಚಾಕಣದಿಂದ ಶಿಕ್ರಾಪುರದ ತನಕ ಹಳ್ಳಕ್ಕೆ ಬಿದ್ದ, ಕೆಸರಿನಲ್ಲಿ ಹೂತ, ಮಗುಚಿದ ಗಾಡಿಗಳನ್ನು ಎಳೆದು ರಸ್ತೆಗೆ ತರುವುದು ಅವನ ಕೆಲಸ. ಕಬ್ಬಿನ ಹಂಗಾಮು ಬಂತೆಂದರೆ ಬಾರಾಮತಿಗೆ ಹೋಗಿ ಗದ್ದೆಯಲ್ಲಿ ಸಿಕ್ಕ ಟ್ರಾಲಿಗಳನ್ನು ಎಳೆಯುತ್ತಾನೆ.

ನಾನು ನಿಜಲಿಂಗಪ್ಪ. ಚಾಕಣದಲ್ಲಿ ನನ್ನದೊಂದು ಗ್ಯಾರೇಜಿದೆ. ಅವನ ಹಳೆಯ ಜೀಪಿನಲ್ಲಿ ನಾನು ಕೈಹಾಕದ ಜಾಗವಿಲ್ಲ. ಅದರ ಮುಂದಿನ ಚಕ್ರಗಳಿಗೆ ಹೋಗುವ ಬಲ ಎಂದೋ ಸತ್ತಿತ್ತು, ಹಿಂದಿನ ಎರಡೇ ಚಕ್ರ ಒದ್ದಾಡುತ್ತಿದ್ದವು. ರಿಪೇರಿಗೆ ಬಂದಾಗಲೆಲ್ಲ ನಾನು ಜೀಪನ್ನೂ ಬೈಯುತ್ತಿದ್ದೆ, ಅದರ ಯಜಮಾನನನ್ನೂ ಬೈಯುತ್ತಿದ್ದೆ. ಇಬ್ಬರೂ ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ.

ಈ ಎಳೆಯುವವರಲ್ಲಿ ಒಂದು ಪದ್ಧತಿಯಿದೆ. ಬಿದ್ದ ಗಾಡಿಗೆ ಮೊದಲು ಯಾರು ಸರಪಳಿ ಹಾಕುತ್ತಾರೋ ಕೆಲಸ ಅವರದು. ಆಮೇಲೆ ಎಷ್ಟೇ ದೊಡ್ಡ ಕ್ರೇನ್ ತಂದು ನಿಲ್ಲಿಸಿದರೂ ಎರಡನೆಯವನು ಮುಟ್ಟುವಂತಿಲ್ಲ. ಮುಟ್ಟಿದರೆ ಹೊಡೆದಾಟ. ಇನ್ನೊಂದು ಪದ್ಧತಿಯೂ ಇದೆ. ಆ ಹೊಡೆದಾಟದಲ್ಲಿ ಏನೇ ಆಗಲಿ, ಒಬ್ಬರ ಮೇಲೊಬ್ಬರು ಪೊಲೀಸರಿಗೆ ಹೇಳುವುದಿಲ್ಲ. ತಲೆ ಒಡೆಸಿಕೊಂಡವನು ಜಾರಿ ಬಿದ್ದೆ ಎನ್ನುತ್ತಾನೆ, ಒಡೆದವನು ಅವನನ್ನು ಆಸ್ಪತ್ರೆಗೆ ಒಯ್ಯುತ್ತಾನೆ. ಇದನ್ನೆಲ್ಲ ದೊಡ್ಡ ಮರ್ಯಾದೆಯೆಂದು ತಿಳಿದ ಮಂದಿ ಇವರು.

ಹೊಳಬಸಪ್ಪ ಮೊದಲು ಹೀಗಿರಲಿಲ್ಲ. ಒಳಗೆ ಜನ ಇದ್ದರೆ ಮೊದಲು ಅವರನ್ನು ಹೊರಗೆ ತೆಗೆಯುತ್ತಿದ್ದ. ಎರಡು ಮಳೆಗಾಲದ ಹಿಂದೆ ಒಂದು ಕಾರು ಹೊಲಕ್ಕೆ ಹಾರಿತ್ತು. ಒಳಗಿದ್ದ ಹೆಂಗಸನ್ನು ಇವನು ಹೆಗಲ ಮೇಲೆ ಹೊತ್ತು ರಸ್ತೆಗೆ ತಂದು ಮಲಗಿಸುವಷ್ಟರಲ್ಲಿ, ಅದೇ ದಾರಿಯಲ್ಲಿ ಕ್ರೇನ್ ಓಡಿಸುವ ಏಕನಾಥ ಕಾರಿಗೆ ಸರಪಳಿ ಬಿಗಿದುಬಿಟ್ಟ. ನ್ಯಾಯ ಕೇಳಿದರೆ ಎಲ್ಲರೂ ಪದ್ಧತಿ ಅಂದರೆ ಪದ್ಧತಿ ಎಂದರು. ಇವನು ಏಕನಾಥನ ಕೊರಳಪಟ್ಟಿ ಹಿಡಿದ. ಏಕನಾಥನ ಆಳುಗಳು ಇವನ ದವಡೆ ಮುರಿದರು. ಕುಸುಮ ತಿಂಗಳುಗಟ್ಟಲೆ ನಳಿಕೆಯಲ್ಲಿ ಗಂಜಿ ಕುಡಿಸಿದಳು. ದವಡೆ ಸೊಟ್ಟಗೆ ಕೂಡಿಕೊಂಡಿತು, ಮನಸ್ಸೂ ಸೊಟ್ಟಗಾಯಿತು. ಬಾಯಿ ತೆರೆಯಲು ಬಂದ ದಿನ ಅವನಾಡಿದ ಮೊದಲ ಮಾತು, "ಇನ್ನ ಮ್ಯಾಲೆ ಮೊದಲ ಸರಪಳಿ. ಉಳಿದದ್ದೆಲ್ಲಾ ಆಮ್ಯಾಲೆ." ನನಗೆ ಆಗಲೇ ಮೈ ಉರಿದಿತ್ತು.

ಆದರೆ ಎರಡು ಚಕ್ರದ ಬಲದ ಜೀಪಿನಲ್ಲಿ ಮೊದಲು ತಲುಪುವುದೆಲ್ಲಿ? ಕೆಸರಿಗೆ ಇಳಿದರೆ ಜೀಪೇ ಹೂತು ಹೋಗುತ್ತಿತ್ತು, ಅದನ್ನು ಎಳೆಯಲು ಇನ್ನೊಬ್ಬನನ್ನು ಕರೆಯಬೇಕು. ಹಾಗಾಗಿ ಅವನ ಕಣ್ಣು ಶೋರೂಮಿನಲ್ಲಿ ನಿಂತ ಒಂದು ಪಿಕಪ್ ಮೇಲೆ ಬಿತ್ತು. ನಾಲ್ಕೂ ಚಕ್ರಕ್ಕೆ ಬಲ, ಆಳೆತ್ತರದ ಮೂತಿ, ಹಿಂದೆ ಒಂದು ಟನ್ನು ಹೇರುವ ತೊಟ್ಟಿ. ಬೆಲೆ ಇಪ್ಪತ್ತೆಂಟು ಲಕ್ಷ. ಅದರ ಒಂದು ಟೈರಿನ ದುಡ್ಡಿಗೆ ಹಳೆಯ ಸ್ಕೂಟರ್ ಬರುತ್ತದೆ.

ಸಾಲಕ್ಕೆ ಕುಸುಮ ಹೂಂ ಅನ್ನಬೇಕಿತ್ತು. ಅವಳ ಖಾನಾವಳಿಯನ್ನು ನಂಬಿ ಬ್ಯಾಂಕಿನವರು ದುಡ್ಡು ಕೊಡುತ್ತಾರೆಯೇ ಹೊರತು ಮುರಿದ ದವಡೆ ನೋಡಿ ಅಲ್ಲ. ಒಂದು ಮಧ್ಯಾಹ್ನ ಊಟದವರೆಲ್ಲ ಹೋದ ಮೇಲೆ ಮೂವರೂ ಕೂತೆವು. ಕುಸುಮ ರೊಟ್ಟಿಯ ಹಿಟ್ಟು ಕೈಯಿಂದ ಉಜ್ಜಿ ತೆಗೆಯುತ್ತಿದ್ದಳು.

"ರೊಕ್ಕದ್ದು ಹೆಂಗರೆ ತೂಗಿಸಬಹುದ್ರಿ," ಎಂದಳು ಗಂಡನಿಗೆ. "ಡೀಸೆಲ್, ವಿಮಾ, ಕಂತು, ಎಲ್ಲಾ ನೋಡೇನಿ. ಹೊತ್ತಾರೆ ನಾಷ್ಟಾ ಶುರು ಮಾಡಿದ್ರ ಕಂತು ಕಟ್ಟಬಹುದು. ನನಗ ಅಂಜಿಕಿ ಇರೂದು ಬ್ಯಾರೆ. ಈ ಗಾಡಿ ಬಂದ್ರ ನೀವು ಎಲ್ಲಾರಕಿಂತ ಮೊದಲ ಹೋಗ್ತೀರಿ. ಬಡಿದಾಟ ಇನ್ನೂ ಜಾಸ್ತಿ ಆಗ್ತಾವ."

"ಬಡಿದಾಟ ಈಗೂ ಅದಾವ. ಈಗ ಸೋತು ಬರ್ತೇನಿ, ಆಗ ಗೆದ್ದು ಬರ್ತೇನಿ."

"ಎಷ್ಟು ಹಲ್ಲು ಉಳಿಸ್ಕೊಂಡು ಬರ್ತೀಯಪಾ?" ಎಂದೆ ನಾನು.

"ಮಾವಾರ, ನೀವು ಎಂಜಿನ್ ನೋಡಿ ಹೇಳ್ರಿ, ಸಾಕು. ನನ್ನ ಹಲ್ಲಿನ ಚಿಂತಿ ನಿಮಗ ಬ್ಯಾಡ."

ಕುಸುಮ ಯೋಚಿಸಿ, "ಓಡಿಸಿ ನೋಡೂಣು. ನಾನೂ ಬರ್ತೇನಿ. ಆಮ್ಯಾಲೆ ಹೇಳ್ತೇನಿ," ಎಂದಳು.

ಆಗಸ್ಟಿನ ಒಂದು ಬೆಳಿಗ್ಗೆ ಶೋರೂಮಿಗೆ ಹೋದೆವು. ಸಣ್ಣಗೆ ಮಳೆ. ಗಾಡಿ ತೋರಿಸಲು ಬಂದವಳು ಕೇತಕಿ ಎಂಬ ಹುಡುಗಿ, ಮರಾಠಿಯಲ್ಲಿ ಪಟಪಟ ಮಾತಾಡುವವಳು. ಹೊಳಬಸಪ್ಪ ಗೋಣಿಚೀಲದಲ್ಲಿ ಸುತ್ತಿದ ತನ್ನ ಸರಪಳಿಯನ್ನೂ ಚಕ್ರ ಬಿಚ್ಚುವ ಪಾನಾವನ್ನೂ ಹಿಂದಿನ ತೊಟ್ಟಿಗೆ ಎಸೆದಾಗ ಅವಳು ಗಾಬರಿಯಾದಳು. ಓಡಿಸಿ ನೋಡುವುದಷ್ಟೇ ಸರ್, ಎಳೆಯುವುದಲ್ಲ ಎಂದಳು. ಇವನು ನಕ್ಕ. ನೊಗ ಹೂಡಿ ನೋಡದೆ ಯಾರಾದರೂ ಎತ್ತು ಕೊಳ್ಳುತ್ತಾರೆಯೇ ಎಂದ. ನಾನು ಅವನ ಪಕ್ಕ ಕೂತೆ, ಹೆಂಗಸರಿಬ್ಬರು ಹಿಂದೆ.

ಗಾಡಿ ಚೆನ್ನಾಗಿತ್ತು. ಅದನ್ನು ಹೇಳದಿದ್ದರೆ ನನ್ನ ಕಸುಬಿಗೆ ದ್ರೋಹ. ತಗ್ಗಿಗೆ ಬಿದ್ದರೂ ಕುಲುಕಾಟವಿಲ್ಲ, ಏರಿನಲ್ಲಿ ಏದುಸಿರಿಲ್ಲ. ಹೊಳಬಸಪ್ಪನ ಮುಖ ಮದುವೆಯ ದಿನ ಸಹ ಅಷ್ಟು ಅರಳಿರಲಿಲ್ಲ. ಕುಸುಮ ಕನ್ನಡಿಯಲ್ಲಿ ಆ ಮುಖವನ್ನು ನೋಡುತ್ತಿದ್ದಳು, ಹೂಂ ಅನ್ನಲು ಬಾಯಿ ತೆರೆಯುವುದೊಂದೇ ಬಾಕಿ ಎಂದು ನನಗೆ ಅನಿಸಿತು.

ಶಿಕ್ರಾಪುರ ಇನ್ನೂ ದೂರವಿರುವಾಗ ರಸ್ತೆಯ ಎಡಕ್ಕೆ ಜನ ಓಡುತ್ತಿದ್ದರು. ಕರ್ನಾಟಕದ ನಂಬರಿನ ಒಂದು ಟೆಂಪೊ ಆಗಷ್ಟೇ ದಂಡೆ ಜಾರಿ ಹಳ್ಳಕ್ಕೆ ಮೂತಿ ಇಟ್ಟಿತ್ತು. ಕ್ಯಾಬಿನ್ ಕೆಳಗೆ ಕೆಸರಿನಲ್ಲಿ, ಹಿಂಬದಿ ಮೇಲೆ ದಂಡೆಯಲ್ಲಿ. ಹಿಂದೆ ತುಂಬ ಎರಕದ ಕಬ್ಬಿಣದ ಸಾಮಾನು, ಕಾರ್ಖಾನೆಗೆ ಹೊರಟಿದ್ದು. ದೂರದಲ್ಲಿ ಏಕನಾಥನ ಹಳದಿ ಕ್ರೇನ್ ಬರುವುದೂ ಕಂಡಿತು.

"ಬ್ಯಾಡ್ರಿ," ಎಂದಳು ಕುಸುಮ. ಕೇತಕಿ ಕಿರುಚಿದಳು. ಹೊಳಬಸಪ್ಪ ಗೇರು ತಗ್ಗಿಸಿ ನಾಲ್ಕೂ ಚಕ್ರಕ್ಕೆ ಬಲ ಕೊಟ್ಟು ಸೀದಾ ದಂಡೆ ಇಳಿಸಿದ. ಆಡು ಇಳಿದ ಹಾಗೆ ಇಳಿಯಿತು ಆ ಗಾಡಿ. ಹಾರಿ ಇಳಿದವನು ಸರಪಳಿ ಎಳೆದು ಟೆಂಪೊದ ಮುಂದಿನ ಕೊಂಡಿಗೆ ಹಾಕಿ, ಇನ್ನೊಂದು ತುದಿ ಪಿಕಪ್ಪಿಗೆ ಬಿಗಿದು, ಎರಡೂ ಕೈ ಮೇಲೆತ್ತಿ ದಂಡೆಯ ಕಡೆ ಕೂಗಿದ, "ಪಹಿಲಿ ಸಾಖಳಿ ಮಾಝಿ!" ಮೊದಲ ಸರಪಳಿ ನನ್ನದು. ಕ್ಯಾಬಿನ್ನಿನೊಳಗೆ ಅವನು ಇನ್ನೂ ಇಣುಕಿರಲಿಲ್ಲ.

ನಾನು ಇಣುಕಿದೆ. ಚಾಲಕ ಒಬ್ಬನೇ ಇದ್ದ. ನನಗಿಂತ ಚಿಕ್ಕವನು, ಹಣೆ ಒಡೆದು ರಕ್ತ. ಎರಡೂ ಕಾಲು ಡ್ಯಾಶ್‌ಬೋರ್ಡಿನ ಅಡಿ ಸಿಕ್ಕಿಕೊಂಡಿದ್ದವು. ನಾನು ಕನ್ನಡದಲ್ಲಿ ಮಾತಾಡಿದ್ದು ಕೇಳಿ ನನ್ನ ತೋಳನ್ನು ಗಟ್ಟಿಯಾಗಿ ಹಿಡಿದ. "ಅಣ್ಣ, ಕಾಲು ಬರ್ತಿಲ್ಲ. ಬಿಟ್ಟು ಹೋಗ್ಬೇಡಿ," ಎಂದ. ತುಮಕೂರು ಕಡೆಯ ಮಾತು. ಇಲ್ಲೇ ಇರುತ್ತೇನೆ ಎಂದೆ. ಮೇಲೆ ಕೇತಕಿ ಆಂಬುಲೆನ್ಸಿಗೆ ಫೋನ್ ಮಾಡುತ್ತ ಅಳುತ್ತಿದ್ದಳು.

ಏಕನಾಥ ತನ್ನ ಇಬ್ಬರು ಆಳುಗಳೊಂದಿಗೆ ಇಳಿದು ಬಂದ. ಅವನ ಬಗ್ಗೆ ನನಗೆ ಒಳ್ಳೆಯ ಮಾತಿಲ್ಲ, ಆದರೆ ಆ ದಿನ ಅವನು ಸರಿಯಾಗಿಯೇ ಹೇಳಿದ. ಮನುಷ್ಯ ಒಳಗಿದ್ದಾನೆ, ನಾನು ಮೇಲಿನಿಂದ ಕ್ರೇನಿನಲ್ಲಿ ಹಿಂಬದಿ ಹಿಡಿಯುತ್ತೇನೆ, ಆಗ ನೀನು ಮುಂದಿನಿಂದ ಎಳೆ. ಹಿಡಿಯದೆ ಎಳೆದರೆ ಇಡೀ ಟೆಂಪೊ ಜಾರಿ ಹಿಂದಿನ ಕಬ್ಬಿಣ ಅವನ ಮೇಲೆ ಬರುತ್ತದೆ. ಮರಾಠಿಯಲ್ಲಿ ನಿಧಾನವಾಗಿ, ಬಿಡಿಸಿ ಹೇಳಿದ.

"ಎರಡನೇ ಸರಪಳಿ ಹಾಕೂ ಹಂಗಿಲ್ಲ," ಎಂದ ಹೊಳಬಸಪ್ಪ.

"ಬಸಪ್ಪಾ, ಅವ ಖರೇ ಹೇಳಾಕತ್ತಾನ!" ಎಂದು ನಾನು ಕ್ಯಾಬಿನ್ನಿನಿಂದ ಕೂಗಿದೆ.

"ಆವತ್ತೂ ಹಿಂಗ ಹೇಳಿದ್ದ, ಹೆಂಗಸನ್ನ ತಗಿ ಅಂತ! ನಾ ತಗದೆ, ಇವ ಸರಪಳಿ ಹಾಕಿದ!"

ಏಕನಾಥನ ಆಳು ಕ್ರೇನಿನ ಕೊಂಡಿಯನ್ನು ಟೆಂಪೊದ ಹಿಂಬದಿಗೆ ಹಾಕಲು ಹೋದ. ಹೊಳಬಸಪ್ಪ ತೊಟ್ಟಿಯಲ್ಲಿದ್ದ ಚಕ್ರದ ಪಾನಾ ಎತ್ತಿಕೊಂಡು ದಂಡೆ ಹತ್ತಿದ. ಅಡ್ಡ ಬಂದ ಏಕನಾಥನ ಹೆಗಲಿಗೆ ಬೀಸಿದ ಹೊಡೆತಕ್ಕೆ ಎಲುಬು ಮುರಿದ ಸದ್ದು ನನಗೆ ಕೆಳಗೆ ಕೇಳಿತು. ಏಕನಾಥ ಕೆಸರಿನಲ್ಲಿ ಮಗ್ಗುಲಾಗಿ ಬಿದ್ದ. ಆಳುಗಳು ಇವನನ್ನು ಕೆಡವಿ ಪಕ್ಕೆಗೆ, ಮುಖಕ್ಕೆ ಒದ್ದರು. ಇವನು ಒಬ್ಬನ ಮೊಣಕೈ ಕಚ್ಚಿ ಮಾಂಸ ಕಿತ್ತ. ಕುಸುಮ ನಡುವೆ ಬಿದ್ದು ಬಿಡಿಸಹೋದರೆ ಅವಳಿಗೂ ಒಂದು ಏಟು ಬಿತ್ತು. ಅವಳು ಗಂಡನ ಅಂಗಿ ಹಿಡಿದು ಜಗ್ಗಿದಳು. "ಅವರಿಗೆ ಹಿಡೀಲಿಕ್ಕೆ ಬಿಡ್ರಿ! ನನ್ನ ಆಣಿ! ಒಳಗ ಮನಶ್ಯಾ ಅದಾನ!" ಇವನು ಅವಳನ್ನೂ ನೂಕಿದ. ಮದುವೆಯಾದ ಮೇಲೆ ಅವಳ ಮೇಲೆ ಕೈಮಾಡಿದ್ದು ಅದೊಂದೇ ಸಲ. ಅವಳು ಕಲ್ಲಿನ ಮೇಲೆ ಬಿದ್ದಳು.

ಆಮೇಲೆ ಅವನು ಉರುಳಿಕೊಂಡೇ ಕೆಳಗೆ ಬಂದು ಪಿಕಪ್ ಹತ್ತಿದ. ಮುಖದ ತುಂಬ ರಕ್ತ. ನಾನು ಬಾಗಿಲಿನಿಂದಲೇ ಕೂಗುತ್ತಿದ್ದೆ, ಎಳೆಯಬೇಡ, ಎಳೆಯಬೇಡ ಎಂದು. ಎಂಜಿನ್ನಿನ ಸದ್ದಿನಲ್ಲಿ ಕೇಳಿತೋ ಇಲ್ಲವೋ. ಸರಪಳಿ ಬಿಗಿದು ನೆಟ್ಟಗಾಯಿತು. ನಾಲ್ಕೂ ಚಕ್ರ ಕೆಸರನ್ನು ಕಚ್ಚಿದವು. ಟೆಂಪೊ ಒಮ್ಮೆ ನಡುಗಿ, ಜಾಗ ಬಿಟ್ಟಿತು.

ಹಳೆಯ ಜೀಪಾಗಿದ್ದರೆ ನಿಂತಲ್ಲೇ ಗಿರಗಿರ ತಿರುಗಿ ಕೆಸರು ಹಾರಿಸುತ್ತಿತ್ತು, ಅಷ್ಟೇ. ಕೂದಲೆಳೆಯಷ್ಟೂ ಎಳೆಯುತ್ತಿರಲಿಲ್ಲ. ಇದು ಎಳೆಯಿತು. ಅದಕ್ಕಾಗಿಯೇ ಮಾಡಿದ ಗಾಡಿ, ತನ್ನ ಕೆಲಸ ಮಾಡಿತು. ಮೇಲಿನ ಕಬ್ಬಿಣವೆಲ್ಲ ಒಮ್ಮೆಲೇ ಮುಂದೆ ಬಂದು ಕ್ಯಾಬಿನ್ನಿನ ಬೆನ್ನು ಒಡೆಯಿತು. ನನ್ನ ತೋಳು ಹಿಡಿದಿದ್ದ ಕೈ ಸಡಿಲವಾಯಿತು. ನಾನು ಹಿಂದಕ್ಕೆ ಹಾರಿ ಬದುಕಿದೆ. ಅವನು ಸತ್ತ. ಮನೆಯಲ್ಲಿ ಯಾರಿದ್ದಾರೆ ಎಂದು ಕೇಳಲೂ ನನಗೆ ಹೊತ್ತು ಸಿಕ್ಕಿರಲಿಲ್ಲ.

ಪೊಲೀಸರು ಬಂದಾಗ ಏಕನಾಥ ಪದ್ಧತಿಯಂತೆ ಜಾರಿ ಬಿದ್ದೆ ಎಂದ. ಆಳುಗಳು ತಾವು ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು ಎಂದರು. ಕೇತಕಿ ರಸ್ತೆ ಬದಿಯಲ್ಲಿ ಕೂತು ಅಳುತ್ತಲೇ ಇದ್ದಳು. ಹೊಳಬಸಪ್ಪ, ಮಳೆಗೆ ಟೆಂಪೊ ತಾನಾಗಿ ಜಾರಿತು, ಕಾಪಾಡಲು ಹೋಗಿ ನನಗೂ ಪೆಟ್ಟಾಯಿತು ಎಂದ. ನಾನು ಕುಸುಮಳ ಮುಖ ನೋಡಿದೆ. ಅವಳು ಕೈಗೆ ಹತ್ತಿದ ರಕ್ತವನ್ನು ಸೆರಗಿಗೆ ಒರೆಸುತ್ತ ನಿಂತಿದ್ದಳು.

ಮರುದಿನ ಸರಕಾರಿ ಆಸ್ಪತ್ರೆಯಲ್ಲಿ ಹೊಳಬಸಪ್ಪನ ಪಕ್ಕೆಗೆ ಪಟ್ಟಿ ಸುತ್ತಿದ್ದರು. ಹೇಳಿಕೆಗೆ ಸಹಿ ಹಾಕಿಸಿಕೊಳ್ಳಲು ಬಂದ ಹವಾಲ್ದಾರ ಹೊರಗೆ ಬೆಂಚಿನ ಮೇಲೆ ಚಹಾ ಕುಡಿಯುತ್ತಿದ್ದ. ಹೊಳಬಸಪ್ಪ ನಮ್ಮನ್ನು ಕಂಡವನೇ, "ಗಾಡಿ ನೋಡಿದ್ರಿಲ್ಲೊ ಮಾವಾರ? ತಾಕತ್ತು ಅಂದ್ರ ಅದು," ಎಂದ. ನನಗೆ ಅವನ ಮುರಿದ ಪಕ್ಕೆಗೇ ಒದೆಯಬೇಕೆನಿಸಿತು.

ಕುಸುಮ ಮಂಚದ ಹತ್ತಿರ ಹೋದಳು. ಹಣೆಯಲ್ಲಿ ಅವಳಿಗೂ ಹೊಲಿಗೆ ಬಿದ್ದಿತ್ತು. "ಟೆಂಪೋ ತಾನ ಜಾರಿಲ್ಲ. ನೀವು ಎಳದೀರಿ," ಎಂದಳು. "ಹೊರಗ ಹವಾಲ್ದಾರ ಕುಂತಾನ. ನೀವು ಹೇಳ್ತೀರೋ, ನಾ ಹೇಳ್ಲ್ಯೋ?"

"ಏಕನಾಥನ ಬಾಯಿ ಮುಚ್ಚೇತಿ. ನಿನಗೇನ ಆಗೇದ? ಗಂಡನ್ನ ಜೈಲಿಗೆ ಹಾಕಿಸ್ತೀಯೇನ?"

"ಆ ಸತ್ತವನ ಮನಿಯವರು ಮಳಿಗೆ ಬಯ್ಕೋತ ಕೂಡ್ಬೇಕೇನ್ರಿ? ನಿಮ್ಮ ಪದ್ಧತಿ ನಿಮ್ಮ ಎಳಿಯೂ ಮಂದಿಗೆ. ನಾ ಆ ಮಂದ್ಯಾಗ ಇಲ್ಲ."

ಅವನು ಗೋಡೆಯ ಕಡೆ ತಿರುಗಿ ಮಲಗಿದ. ಪಕ್ಕದ ಮಂಚದ ರೋಗಿಗೆ ಊಟ ಬಂತು, ತಟ್ಟೆಯ ಸದ್ದಾಯಿತು. ಆಮೇಲೆ ತಿರುಗದೆಯೇ ಕೇಳಿದ, "ಮಾವಾರ, ನೀವು ಅವನ ಬಾಜೂ ಇದ್ರಿ. ನಾ ಗಾಡಿ ಶುರು ಮಾಡಿದಾಗ ಅವ ಏನಂದ?"

ಸುಳ್ಳು ಹೇಳಬಹುದಿತ್ತು. ಎಚ್ಚರ ತಪ್ಪಿದ್ದ, ಏನೂ ಅನ್ನಲಿಲ್ಲ ಎಂದಿದ್ದರೆ ಮುಗಿಯುತ್ತಿತ್ತು. ನನಗೆ ಅವನ ಮೇಲಿದ್ದ ಸಿಟ್ಟು ಹಾಗೆ ಹೇಳಲು ಬಿಡಲಿಲ್ಲ.

"'ಪುಣ್ಯ ಬರ್ಲಿ ಅಣ್ಣ ನಿಮ್ಗೆ, ನಿಧಾನ ಎಳೀರಿ' ಅಂದ. ನೀ ತನ್ನನ್ನ ಉಳಸಾಕ ಹೊಂಟೀ ಅಂತ ತಿಳದಿದ್ದ."

ಹೊಳಬಸಪ್ಪನ ಬೆನ್ನು ಅಲುಗತೊಡಗಿತು. ದವಡೆ ಮುರಿದಾಗಲೂ, ಬೆರಳು ಹೋದಾಗಲೂ ಅಳದವನು ಬಾಯಿಗೆ ಚಾದರ ತುರುಕಿಕೊಂಡು ಅತ್ತ. ಕುಸುಮ ಅವನನ್ನು ಮುಟ್ಟಲಿಲ್ಲ, ಅಲ್ಲೇ ನಿಂತಿದ್ದಳು. ಕೊನೆಗೆ ಅವನು ಮಂಚದ ಸರಳು ಹಿಡಿದು, ಹಲ್ಲು ಕಚ್ಚಿ ಎದ್ದು ಕೂತ. ಬಾಗಿಲ ಕಡೆ ಮುಖ ಮಾಡಿ ತನ್ನ ಹರುಕು ಮುರುಕು ಮರಾಠಿಯಲ್ಲಿ ಹವಾಲ್ದಾರನನ್ನು ಕರೆದ. ಹವಾಲ್ದಾರ ಚಹಾದ ಲೋಟ ಬೆಂಚಿನ ಮೇಲಿಟ್ಟು ಒಳಗೆ ಬಂದ.

"ಸಾಹೇಬ್, ಮಳೆಯದು ಬರೆಯಬೇಡಿ," ಎಂದ ಹೊಳಬಸಪ್ಪ. "ಅವನು ಒಳಗಿರುವುದು ನನಗೆ ಗೊತ್ತಿತ್ತು. ಗೊತ್ತಿದ್ದೇ ಎಳೆದೆ."