‘ಫ್ರೀ’ ಪದದ ತವರುಮನೆ

ಅಂದು ಶುಕ್ರವಾರ, ನಮ್ಮ ಬೀದಿಗೆ ನೀರು ಬಿಡುವ ದಿನ. ರಾಜಗೋಪಾಲನಗರದ ಈ ಭಾಗದಲ್ಲಿ ನೀರಿಗಿಂತ ಮೊದಲು ಗಾಳಿ ಬರುತ್ತದೆ. ಕೊಳವೆಯೊಳಗೆ ಯಾರೋ ಗಂಟಲು ಸರಿಮಾಡಿಕೊಂಡಂಥ ಸದ್ದು. ಆ ಸದ್ದಿಗೆ ಒಂದು ಕಿವಿಯನ್ನು ಬಾಗಿಲಲ್ಲೇ ಬಿಟ್ಟು ಉಳಿದ ಕೆಲಸ ಮಾಡುವುದು ನನಗೆ ಅಭ್ಯಾಸ. ಹಾಲು ಕಾಯಿಸಿದೆ, ಅತ್ತೆಗೆ ಬಿಸಿನೀರು ಕೊಟ್ಟೆ, ಹೊಸ್ತಿಲಿಗೆ ಅರಿಶಿನ ಕುಂಕುಮ ಇಟ್ಟೆ, ಇವರ ಡಬ್ಬಿಗೆ ಚಪಾತಿ ಮಡಚಿ ತುಂಬಿದೆ. ನೀರು ಬರಲಿಲ್ಲ.

ನಾವಿರುವುದು ಮೂರು ಅಂತಸ್ತಿನ ಕಟ್ಟಡದ ಕೆಳಗಿನ ಮನೆ. ಮೇಲಿನ ಎರಡು ಮನೆಗಳವರು ಬೆಳಿಗ್ಗೆಯೇ ಬೀಗ ಹಾಕಿ ಕೆಲಸಕ್ಕೆ ಹೋಗುತ್ತಾರೆ. ಸಂಪಿನ ಮೋಟಾರಿನ ಸ್ವಿಚ್ಚು ನಮ್ಮ ವರಾಂಡದ ಗೋಡೆಯಲ್ಲಿದೆ. ಸಂಪು ಚಿಕ್ಕದು, ನೀರು ಬರುತ್ತಿರುವಾಗಲೇ ಒಮ್ಮೆ ಮೇಲಿನ ಟ್ಯಾಂಕಿಗೆ ಹತ್ತಿಸಿ ಖಾಲಿ ಮಾಡಿದರೆ ಮಾತ್ರ ಮತ್ತೊಮ್ಮೆ ತುಂಬುತ್ತದೆ. ಆ ಹೊತ್ತಿಗೆ ಯಾರಾದರೂ ಇಲ್ಲದಿದ್ದರೆ ಮೂರೂ ಮನೆಗಳಿಗೆ ತಾಪತ್ರಯ. ಆ ‘ಯಾರಾದರೂ’ ನಾನು.

ಮೇಲಿನ ಮನೆಯ ಹುಡುಗಿ ಹೆಲ್ಮೆಟ್ ಹಾಕಿಕೊಳ್ಳುತ್ತಲೇ ಮೆಟ್ಟಿಲಿಳಿದು ಬಂದು ಕೀಲಿಕೈ ನನ್ನ ಅಂಗೈಯಲ್ಲಿಟ್ಟಳು. “ಆಂಟಿ, ಇವತ್ತು ಗ್ಯಾಸ್ ಬರುತ್ತೆ. ನೀವ್ ಹೇಗಿದ್ರೂ ಫ್ರೀ ಇರ್ತೀರಲ್ಲ, ಸ್ವಲ್ಪ ಇಸ್ಕೊಂಬಿಡಿ, ಪ್ಲೀಸ್.”

“ಇವತ್ತು ನಾನು...” ಎನ್ನುವಷ್ಟರಲ್ಲಿ ಅವಳ ಸ್ಕೂಟರು ತಿರುವಿನಲ್ಲಿತ್ತು.

ಇವತ್ತು ನಾನು ಹೊರಗೆ ಹೋಗುವವಳಿದ್ದೆ. ಎರಡು ಬೀದಿ ಆಚೆಗಿನ ಒಂದು ಸಣ್ಣ ಶಾಲೆಯಲ್ಲಿ ಇಂಗ್ಲಿಷ್ ಕಲಿಸುವವರು ಹೆರಿಗೆಗೆಂದು ರಜೆ ಹಾಕಿದ್ದರು. ಔಷಧದ ಅಂಗಡಿಯಲ್ಲಿ ನಾನು ಅತ್ತೆಯ ಮಾತ್ರೆಗಳ ಬಗ್ಗೆ ವಿಚಾರಿಸುತ್ತಿದ್ದಾಗ ಪಕ್ಕದಲ್ಲಿ ನಿಂತಿದ್ದ ಆ ಶಾಲೆಯ ಹೆಡ್ ಮಿಸ್ಸು ನನ್ನ ಇಂಗ್ಲಿಷ್ ಕೇಳಿ, “ಯಾವ ಕಾನ್ವೆಂಟು?” ಎಂದು ಮಾತಿಗೆಳೆದಿದ್ದರು. ಶುಕ್ರವಾರ ಹನ್ನೊಂದಕ್ಕೆ ಬಂದು ಆರನೇ ಕ್ಲಾಸಿಗೆ ಒಂದು ಪಾಠ ಮಾಡಿ ತೋರಿಸಬೇಕು. “ಪುಸ್ತಕ ಬೇಡ. ಒಂದೇ ಒಂದು ಪದ ತಗೊಳ್ಳಿ. ಮಕ್ಕಳ ಬಾಯಿ ಬಿಡಿಸಿ, ಸಾಕು” ಎಂದಿದ್ದರು. ಹಿಡಿಸಿದರೆ ಸೋಮವಾರದಿಂದ ಕೆಲಸ, ದಿನವೂ ಮಧ್ಯಾಹ್ನದವರೆಗೆ.

ನನಗೆ ಆ ಕೆಲಸ ಬೇಕಿತ್ತು. ಎಷ್ಟು ಬೇಕಿತ್ತೆಂದು ನನಗೆ ನಾನೇ ಹೇಳಿಕೊಳ್ಳಲೂ ಭಯವಾಗುವಷ್ಟು. ಇವರಿಗೆ ಮಾತ್ರ ತಿಳಿಸಿದ್ದೆ. ಇವರು ಪೀಣ್ಯದ ಒಂದು ಲೇತ್ ವರ್ಕ್‌ಶಾಪಿನಲ್ಲಿ ಸೂಪರ್‌ವೈಸರ್. ಶೂ ದಾರ ಕಟ್ಟಿಕೊಳ್ಳುತ್ತಾ, “ಹೋಗ್ಬಾ. ಹೇಗಿದ್ರೂ ಫ್ರೀ ಇದೀಯಲ್ಲ, ಟೈಮ್‌ಪಾಸ್ ಆಗುತ್ತೆ” ಎಂದಿದ್ದರು. ಅದರಲ್ಲಿ ಕುಹಕವೇನೂ ಇರಲಿಲ್ಲ. ಪ್ರೀತಿಯಿಂದಲೇ ಹೇಳಿದ್ದು.

ಅದಕ್ಕೇ ನಾನು ಆ ಪದವನ್ನೇ ಆರಿಸಿಕೊಂಡಿದ್ದೆ. ದಿನಕ್ಕೆ ಎಷ್ಟು ಸಲ ಅದನ್ನು ಕೇಳುತ್ತೇನೋ! ಟೈಲರು ಅಳತೆ ತೆಗೆಯುತ್ತಾ “ಫ್ರೀಯಾಗಿ ಇಡ್ಲಾ ಅಕ್ಕ, ಟೈಟಾಗಿ ಇಡ್ಲಾ?” ಎನ್ನುತ್ತಾನೆ. ಬಸ್ಸಿನಲ್ಲಿ “ಸೀಟ್ ಫ್ರೀ ಇದೆ ಬನ್ನಿ” ಎನ್ನುತ್ತಾರೆ. ಅತ್ತೆಯನ್ನು ಡಾಕ್ಟರು ಕೇಳುವುದು “ಮೋಷನ್ ಫ್ರೀಯಾಗಿ ಆಗ್ತಿದೆಯಾ ಅಜ್ಜಿ?” ಎಂದು. ಒಮ್ಮೆ ಅಡುಗೆಮನೆಯ ನಲ್ಲಿ ನಿಲ್ಲದೆ ಸೋರತೊಡಗಿದಾಗ ಇವರು ಅದರ ತಲೆಯನ್ನು ಗರಗರ ತಿರುಗಿಸಿ ತೋರಿಸಿದ್ದರು: “ಥ್ರೆಡ್ ಸವೆದುಹೋಗಿದೆ ನೋಡು. ಫ್ರೀ ತಿರುಗ್ತಿದೆ. ಏನನ್ನೂ ಹಿಡ್ಕೊಳ್ತಾ ಇಲ್ಲ.” ಪೀಣ್ಯದ ಭಾಷೆಯಲ್ಲಿ ಫ್ರೀ ಎಂದರೆ ಕೆಟ್ಟುಹೋದದ್ದು. ಆ ನಲ್ಲಿಯನ್ನು ಬದಲಿಸಿದ ಮೇಲೂ ಆ ಮಾತು ನನ್ನೊಳಗೆ ಬಹಳ ದಿನ ತಿರುಗುತ್ತಿತ್ತು.

ನಮಗೆ ಇಂಗ್ಲಿಷ್ ಕಲಿಸಿದ ಸಿಸ್ಟರು ಮಂಗಳೂರಿನವರು. ಪ್ರತಿ ಪದಕ್ಕೂ ಒಂದು ತವರುಮನೆ ಇರುತ್ತದೆ, ಅಲ್ಲಿಗೆ ಒಮ್ಮೆ ಹೋಗಿ ಬರದೆ ಅದರ ಸ್ವಭಾವ ಗೊತ್ತಾಗುವುದಿಲ್ಲ ಎನ್ನುತ್ತಿದ್ದರು. ಅವರ ಕೈಯಿಂದ ಬಹುಮಾನವಾಗಿ ಪಡೆದ ದಪ್ಪ ನಿಘಂಟು ನನ್ನ ಮದುವೆಯ ಸೀರೆಗಳ ಜೊತೆ ಈ ಮನೆಗೆ ಬಂದಿತ್ತು. ಹಿಂದಿನ ದಿನ ಸಾರು ಕುದಿಯುವಾಗ ಅದನ್ನು ತೆರೆದು ನೋಡಿ ದಂಗಾಗಿದ್ದೆ. ಫ್ರೀ ಎಂಬ ಪದದ ತವರು ನಮ್ಮ ‘ಪ್ರಿಯ’ ಎಂಬ ಪದದ ತವರೇ! ಎಲ್ಲೋ ಬಹಳ ಹಿಂದೆ ಎರಡೂ ಒಂದೇ ಅಂಗಳದಲ್ಲಿ ಆಡಿಕೊಂಡಿದ್ದವು. ಹಳೆಯ ಕಾಲದ ಆ ಮನೆಗಳಲ್ಲಿ ಯಜಮಾನನಿಗೆ ಬೇಕಾದವರು, ರಕ್ತಸಂಬಂಧದವರು ಇರುತ್ತಿದ್ದರು; ದುಡಿಯಲು ತಂದ ಆಳುಗಳೂ ಇರುತ್ತಿದ್ದರು. ಪ್ರಿಯರಾದವರೇ ಫ್ರೀ. ಉಳಿದವರು ಅಲ್ಲ. ಫ್ರೆಂಡ್ ಎಂಬುದೂ ಅದೇ ಬಳ್ಳಿಯ ಕಾಯಿ. ಫ್ರೈಡೇ ಕೂಡ, ಅದೇ ಬೇರಿನ ಹೆಸರುಳ್ಳ, ಆ ಹಳೆಯ ಕಾಲದ ಜನರ ಒಬ್ಬ ದೇವಿಯ ವಾರವಂತೆ.

ಓದಿ ಖುಷಿಯಾಯಿತು. ಒಲೆ ಸಣ್ಣ ಮಾಡಿ ಇನ್ನೊಮ್ಮೆ ಓದಿದಾಗ ಅಷ್ಟು ಖುಷಿಯಾಗಲಿಲ್ಲ. ಆ ಲೆಕ್ಕದಲ್ಲಿ ಈ ಮನೆಯಲ್ಲಿ ನಾನು ಫ್ರೀಯೇ. ಎಲ್ಲರಿಗೂ ಬೇಕಾದವಳು. ನನ್ನನ್ನು ಬೈದವರಿಲ್ಲ, ಕೂಡಿಹಾಕಿದವರಿಲ್ಲ. ಆದರೆ ಬಾಗಿಲು ದಾಟುವಾಗ ಸೆರಗು ಎಲ್ಲೋ ಸಿಕ್ಕಿಕೊಂಡ ಹಾಗೆ ಆಗುತ್ತದೆ. ತಿರುಗಿ ನೋಡಿದರೆ ಯಾರೂ ಹಿಡಿದಿರುವುದಿಲ್ಲ.

ಹತ್ತೂವರೆಯಾದರೂ ಕೊಳವೆ ಕೆಮ್ಮಲಿಲ್ಲ. ಪಕ್ಕದ ಮನೆಯ ಓನರಮ್ಮನನ್ನು ಕೇಳೋಣವೆಂದು ಹೊರಟೆ. ನಮ್ಮ ಕಟ್ಟಡವೂ ಎದುರಿನದೂ ಅವರವೇ. ಬೀದಿಯೆಲ್ಲ ಒಂದು ಕಾಲಕ್ಕೆ ಅವರ ರಾಗಿ ಹೊಲವಂತೆ. ಅವರಾಗಲೇ ರೇಷ್ಮೆ ಸೀರೆಯುಟ್ಟು ಗೇಟು ಹಾಕುತ್ತಿದ್ದರು.

“ಅಮ್ಮ, ಒಂದು ಗಂಟೆ ಹೊರಗೆ ಹೋಗ್ಬೇಕಿತ್ತು. ನೀರು ಬಂದ್ರೆ ಮೋಟಾರ್...”

“ಅಯ್ಯೋ, ನಾನು ತೊಟ್ಲು ಶಾಸ್ತ್ರಕ್ಕೆ ಒಂಟಿವ್ನಿ ಕಣವ್ವ. ನೀನು ಫ್ರೀಯಾಗೇ ಇರ್ತೀಯಲ್ಲ, ವಸಿ ನೋಡ್ಕೊ. ನೀನಿದ್ರೆ ನಂಗೊಂದು ಧೈರ್ಯ” ಎಂದು ನನ್ನ ಕೆನ್ನೆ ತಟ್ಟಿ ಆಟೋ ಹತ್ತಿದರು.

ಮನೆಯೊಳಗೆ ಅತ್ತೆ ಆಗಲೇ ಬಾಗಿಲ ಬಳಿ ಕುರ್ಚಿ ಎಳೆದುಕೊಂಡು ಕುಳಿತಿದ್ದರು. ಬಚ್ಚಲಲ್ಲಿ ಜಾರಿ ಬಿದ್ದಾಗಿನಿಂದ ಅವರಿಗೆ ಒಬ್ಬರೇ ಇರಲು ಭಯ, ಮೆಟ್ಟಿಲು ಹತ್ತಲು ಆಗದು. ಪೀಣ್ಯಕ್ಕೆ ಹತ್ತಿರವಾಗಿ, ಮೆಟ್ಟಿಲಿಲ್ಲದ ಮನೆ ಬೇಕೆಂದು ವರ್ಷವಿಡೀ ಹುಡುಕಿ ಈ ಮನೆ ಹಿಡಿದಿದ್ದೆವು.

“ಎಲ್ಲಿಗಾದ್ರೂ ಹೊರಟ್ಯೇನಮ್ಮ? ಸೀರೆ ಪಿನ್ ಮಾಡಿದೀಯ.”

ಹೇಳಿದೆ. ಅವರು ಸ್ವಲ್ಪ ಹೊತ್ತು ಸ್ವಿಚ್ಚಿನ ಕಡೆ ನೋಡಿದರು. ನಾನು ಒತ್ತಿ ತೋರಿಸಿದೆ. ಅವರು ಕೈ ಚಾಚಿ, ಹಾವಿನ ಹೆಡೆ ಕಂಡವರಂತೆ ಹಿಂತೆಗೆದರು. “ಕರೆಂಟು ಕಣಮ್ಮ ಅದು. ನೀನು ಹೋಗ್ಬಾ. ನಾನ್ ಇಲ್ಲೇ ಕೂತಿರ್ತೀನಿ. ಬೇಗ ಬರ್ತೀಯಲ್ಲ?” ನಾನು ಚಪ್ಪಲಿ ಹಾಕಿಕೊಳ್ಳುವಾಗ ಒಮ್ಮೆ, ಗೇಟು ತೆಗೆಯುವಾಗ ಇನ್ನೊಮ್ಮೆ ಅದೇ ಮಾತು: “ಬೇಗ ಬರ್ತೀಯಲ್ಲ?”

ಹೋದೆ. ಓಡುತ್ತಲೇ ಹೋದೆ ಎನ್ನಬೇಕು.

ಕ್ಲಾಸಿನಲ್ಲಿ ಬೋರ್ಡಿನ ಮೇಲೆ ಫ್ರೀ ಎಂದು ಬರೆದು ತಿರುಗಿದ್ದೇ ತಡ, ಬಾಯಿ ಬಿಡಿಸುವ ಅಗತ್ಯವೇ ಬೀಳಲಿಲ್ಲ.

“ಒಂದ್ ತಗೊಂಡ್ರೆ ಒಂದ್ ಫ್ರೀ ಮಿಸ್!”

“ಶಾಂಪೂ ಜೊತೆ ಬಾಚಣಿಗೆ ಫ್ರೀ!”

“ಹೆಂಗಸ್ರಿಗೆ ಬಸ್ ಫ್ರೀ ಮಿಸ್. ನಮ್ಮಜ್ಜಿ ದಿನಾ ಸುಮ್ಸುಮ್ನೆ ಮೆಜೆಸ್ಟಿಕ್‌ಗೆ ಹೋಗಿ ಬರ್ತಾರೆ.”

“ಯಾಕಂತೆ?”

“ಗಾಳಿ ಬರುತ್ತಂತೆ ಮಿಸ್, ಕಿಟ್ಕೀಲಿ.”

ಎಲ್ಲರೂ ನಕ್ಕರು. ನಾನೂ ನಕ್ಕೆ. ಆ ಅಜ್ಜಿಯ ಮೇಲೆ ಸಣ್ಣ ಹೊಟ್ಟೆಕಿಚ್ಚೂ ಆಯಿತು. ಬಸ್ಸು ಫ್ರೀ ಆದ ಮೇಲೆ ನಾನು ಎಲ್ಲಿಗೂ ಸುಮ್ಮಸುಮ್ಮನೆ ಹೋಗಿರಲಿಲ್ಲ.

ಕಿಟಕಿಯ ಪಕ್ಕ ಕುಳಿತಿದ್ದ ಎರಡು ಜಡೆಯ ಹುಡುಗಿ ಎದ್ದು ನಿಂತಳು. ರಾಯಚೂರು ಕಡೆಯ ಮಾತು. “ನಮ್ಮಪ್ಪ ಫ್ರೀ ಅದಾನ್ರಿ ಮಿಸ್. ಫ್ಯಾಕ್ಟರಿಯಾಗ ಕೆಲ್ಸ ಹೋತ್ರಿ. ಈಗ ಮನ್ಯಾಗ ಕುಂತಿರ್ತಾನ್ರಿ.”

ಆ ಹುಡುಗಿಯ ಮುಖದಲ್ಲಿ ನಾಚಿಕೆಯಿರಲಿಲ್ಲ. ಕೇಳಿದ್ದಕ್ಕೆ ಸರಿಯಾದ ಉತ್ತರ ಕೊಟ್ಟ ಗಂಭೀರತೆಯಿತ್ತು. ಅವಳ ಅರ್ಥವನ್ನೂ ಉಳಿದವುಗಳ ಕೆಳಗೆ ಬರೆದೆ. ಕೊನೆಗೆ ಕನ್ನಡದಲ್ಲಿ ಪ್ರಿಯ ಎಂದು ಬರೆದು, ಎರಡರ ನಡುವೆ ಗೆರೆ ಎಳೆದು, ಆ ಹಳೆಯ ಮನೆಯ ಕತೆ ಹೇಳಿದೆ.

“ಅಂದ್ರೆ ಅಕ್ಕತಂಗೀರಾ ಮಿಸ್?”

“ಹೌದು. ದೂರದೂರಕ್ಕೆ ಮದುವೆಯಾಗಿ ಹೋದ ಅಕ್ಕತಂಗಿಯರು.”

ಹಿಂದೆ ಕುಳಿತು ಕೇಳುತ್ತಿದ್ದ ಹೆಡ್ ಮಿಸ್ಸು ಬಾಗಿಲವರೆಗೂ ಬಂದರು. “ನಂಗೆ ನೀವೇ ಬೇಕು. ಆದ್ರೆ ಮಧ್ಯೆ ಬಿಟ್ಟುಹೋಗೋ ಹಾಗಿಲ್ಲ ನೋಡಿ, ಮಕ್ಕಳಿಗೆ ಕಷ್ಟ ಆಗುತ್ತೆ. ಮನೇಲಿ ಕೇಳ್ಕೊಂಡು ಸಂಜೆ ಒಳಗೆ ಫೋನ್ ಮಾಡಿ.”

ಹಿಂದಿರುಗುವಾಗ ಬೀದಿಯ ಮೋರಿಯಲ್ಲಿ ತಿಳಿನೀರು ಹರಿಯುತ್ತಿತ್ತು. ನೋಡಿದ ಕೂಡಲೇ ಗೊತ್ತಾಯಿತು. ನೀರು ಬಂದಿತ್ತು, ಸಂಪು ತುಂಬಿತ್ತು, ಮಿಕ್ಕದ್ದು ಹೊರಗೆ ಹರಿದಿತ್ತು, ನಿಂತೂ ಹೋಗಿತ್ತು. ಗ್ಯಾಸಿನವನು ಬೆಲ್ ಮಾಡಿ, ಅತ್ತೆ ಏಳುವಷ್ಟರಲ್ಲಿ ಹೊರಟುಹೋಗಿದ್ದ. ಅತ್ತೆ ಅದೇ ಕುರ್ಚಿಯಲ್ಲಿದ್ದರು. ತಟ್ಟೆಯಲ್ಲಿ ಹಾಕಿಟ್ಟಿದ್ದ ಅನ್ನ ಹಾಗೇ ಇತ್ತು.

“ಮೊದ್ಲು ಗಾಳಿ ಬಂತು ಕಣಮ್ಮ, ಆಮೇಲೆ ನೀರು. ಸ್ವಿಚ್ ಮುಟ್ಟೋಕೆ ಧೈರ್ಯ ಬರ್ಲಿಲ್ಲ. ನಿನ್ನ ಕರೆದೆ. ನೀನಿಲ್ಲ ಅಂತ ಗೊತ್ತಿತ್ತು, ಆದ್ರೂ ಕರೆದೆ.”

ಬೈದಿದ್ದರೆ ಸುಲಭವಾಗುತ್ತಿತ್ತು. ಮೋಟಾರು ಹಾಕಿ, ಅನ್ನ ಬಿಸಿ ಮಾಡಿ ತಂದು ಅವರ ಪಕ್ಕ ಕುಳಿತೆ. ನಾಲ್ಕು ತುತ್ತಾದ ಮೇಲೆ, “ಏನ್ ಹೇಳ್ಕೊಟ್ಟೆ ಮಕ್ಳಿಗೆ?” ಎಂದರು. ಫ್ರೀ ಮತ್ತು ಪ್ರಿಯದ ಸಂಗತಿ ಹೇಳಿದೆ. ಅವರು ಕೈಯಲ್ಲಿದ್ದ ತುತ್ತನ್ನು ಹಾಗೇ ಹಿಡಿದು ನಗತೊಡಗಿದರು. “ಪ್ರಿಯೇ ಅನ್ನೋದೂ ಫ್ರೀ ಅನ್ನೋದೂ ಒಂದೇನಾ? ನಿಮ್ಮಾವ ನಂಗೆ ಎರಡರಲ್ಲಿ ಒಂದನ್ನೂ ಅನ್ಲಿಲ್ಲ ಬಿಡು.”

ಸಂಜೆ ಇವರು ಬಂದು ಮುಖ ತೊಳೆಯುವ ಮೊದಲೇ ಎಲ್ಲ ಹೇಳಿಬಿಟ್ಟೆ. ನೀರು ಹರಿದುಹೋದದ್ದನ್ನೂ ಸೇರಿಸಿ.

“ಕೆಲ್ಸಕ್ಕೆ ಹೋಗು. ನಾನ್ ಬೇಡ ಅಂದ್ನಾ?” ಟವಲಿನಲ್ಲಿ ಮುಖ ಒರೆಸುತ್ತಾ ಅಂದರು. “ನೀರಿಂದೊಂದು, ಅಮ್ಮಂದೊಂದು ನೋಡ್ಕೊಂಡ್ಬಿಡು, ಅಷ್ಟೇ.”

ಅಷ್ಟೇ ಎಂಬುದು ಎಷ್ಟು ಭಾರದ ಪದ! ಲೋಟ ತೊಳೆಯಲು ಒಳಗೆ ಹೋದೆ. ಲೋಟ ತೊಳೆದೇ ಇತ್ತು, ಮತ್ತೆ ತೊಳೆದೆ. ಸೋಮವಾರ ಬೆಳಿಗ್ಗೆ ಆ ಕ್ಲಾಸಿನಲ್ಲಿ ಬೇರೆ ಯಾರೋ ನಿಂತಿರುವುದು ಕಣ್ಣಿಗೆ ಕಟ್ಟಿತು.

ಆಗ ವರಾಂಡದಿಂದ ಅತ್ತೆಯ ದನಿ: “ಲೋ, ಬಾರೋ ಇಲ್ಲಿ. ಇದನ್ನ ಹೆಂಗೆ ಒತ್ತೋದು ತೋರ್ಸು.” ಹೋಗಿ ನೋಡಿದರೆ ಅವರು ರಬ್ಬರ್ ಚಪ್ಪಲಿ ಹಾಕಿಕೊಂಡು, ಕೈಯಲ್ಲಿ ಮರದ ಸೌಟು ಹಿಡಿದು, ಸ್ವಿಚ್ಚಿನ ಮುಂದೆ ನಿಂತಿದ್ದರು. “ಮರದಲ್ಲಿ ಒತ್ತಿದ್ರೆ ಕರೆಂಟ್ ಹೊಡೆಯಲ್ಲ ತಾನೆ?”

“ಹೊಡೆಯಲ್ಲಮ್ಮ. ಕೈಯಲ್ಲಿ ಒತ್ತಿದ್ರೂ ಹೊಡೆಯಲ್ಲ” ಎಂದರು ಇವರು.

“ಕೈಯಲ್ಲಿ ಬೇಡ.” ಕಣ್ಣು ಮುಚ್ಚಿಕೊಂಡು ಸೌಟಿನಿಂದ ಒತ್ತಿದರು. ಮೋಟಾರು ಗುಂಯ್ಯೆಂದಿತು. ಹೆದರಿ ಹೆಜ್ಜೆ ಹಿಂದಿಟ್ಟು, ಮತ್ತೆ ಮುಂದೆ ಹೋಗಿ ಆರಿಸಿದರು. ಇನ್ನೊಮ್ಮೆ ಹಾಕಿದರು. ನನ್ನ ಕಡೆ ತಿರುಗಿ, ಉಸಿರು ಸರಿಮಾಡಿಕೊಂಡು, “ಮಧ್ಯಾಹ್ನದವರ್ಗೂ ತಾನೆ? ಹೋಗ್ಬಾ. ಇವನಿಗೆ ಕೇಳೋದೇನಿದೆ” ಎಂದರು. ಇವರು ಟವಲು ಹೆಗಲ ಮೇಲೆ ಹಾಕಿಕೊಂಡು ಪೆಚ್ಚಾಗಿ ನಕ್ಕರು.

ಫೋನು ತೆಗೆದುಕೊಂಡು ಗೇಟಿನ ಹೊರಗೆ ಬಂದೆ. “ಬರ್ತೀನಿ ಮೇಡಂ, ಸೋಮವಾರ” ಎಂದಾಗ ನನ್ನ ದನಿ ನನಗೇ ಹೊಸದಾಗಿ ಕೇಳಿಸಿತು. ಮಧ್ಯೆ ಬಿಡುವುದಿಲ್ಲವೆಂದು ಮಾತೂ ಕೊಟ್ಟೆ. ಬೀದಿದೀಪ ಹತ್ತಿತ್ತು. ಶಿಫ್ಟು ಮುಗಿಸಿದವರ ಬೈಕುಗಳು ಸಾಲಾಗಿ ಬರುತ್ತಿದ್ದವು.

ಪಕ್ಕದ ಮನೆಯ ಜಗಲಿಯ ಮೇಲೆ ಓನರಮ್ಮ ರೇಷ್ಮೆ ಸೀರೆ ಬಿಚ್ಚಿಟ್ಟು ಹಳೆಯ ಸೀರೆಯಲ್ಲಿ ಕುಳಿತು ಅವರೆಕಾಯಿ ಸುಲಿಯುತ್ತಿದ್ದರು. ಕೆಲಸ ಸಿಕ್ಕಿದ್ದನ್ನು ಮೊದಲು ಅವರಿಗೇ ಹೇಳೋಣವೆಂದು ಹತ್ತಿರ ಹೋದೆ. ನಾನು ಬಾಯಿ ತೆರೆಯುವ ಮೊದಲೇ ಅವರು ಎದುರಿನ ಕಟ್ಟಡದ ಕಡೆ ಗಲ್ಲವೆತ್ತಿ ಸನ್ನೆ ಮಾಡಿದರು.

“ಆ ಕೆಳಗಡೆ ಮನೆ ಕೇಳಾಕ್ ಬಂದಿದ್ರು ಕಣವ್ವ ಈಗ. ಒಳ್ಳೆ ಜನವೇ. ಆದ್ರೆ ಗಂಡ ಎಂಡ್ತಿ ಇಬ್ರೂ ಕೆಲ್ಸಕ್ಕೋಗೋರು. ಆಗಾಕಿಲ್ಲ ಅಂದ್ಬುಟ್ಟೆ.”

“ಯಾಕಮ್ಮ?”

“ಕೆಳಗಡೆ ಮನೆ ಯಾವತ್ತೂ ಮನೇಲಿರೋ ಎಂಗ್ಸು ಇದ್ರೇನೇ ನಾನು ಕೊಡೋದು. ಇಲ್ದಿದ್ರೆ ಮೋಟ್ರು ಆಕೋರು ಯಾರು, ಬಂದೋರು ಓದೋರ್ನ ನೋಡೋರು ಯಾರು?” ಒಂದು ಕಾಯಿ ಬಿಡಿಸಿ, ಹುಳುಕಿದೆಯೇ ಎಂದು ಬೆಳಕಿಗೆ ಹಿಡಿದು ನೋಡಿದರು. “ನಿಮ್ಗಿಂತ ಮುಂಚೆ ಇದ್ಲಲ್ಲ, ಪಾಪ, ಚಿನ್ನದಂಥೋಳು. ಗಾರ್ಮೆಂಟ್ಸ್‌ಗೆ ಓಗಾಕೆ ಶುರು ಮಾಡುದ್ಲು. ಎಲ್ಡು ತಿಂಗ್ಳು ನೋಡಿ ಖಾಲಿ ಮಾಡುಸ್ಬುಟ್ಟೆ. ಯಾಕವ್ವ, ನಿಂತ್ಕಂಡೇ ಇದ್ದೀಯ? ಕುಂತ್ಕಾ ಬಾ.”