ದನಿ ಹೋದ ವರ್ಷ

ಥೈರಾಯ್ಡ್ ಗಡ್ಡೆ ತೆಗೆಸಿಕೊಂಡು ಆಸ್ಪತ್ರೆಯಿಂದ ಬಂದ ಮೂರನೆಯ ದಿನ ಕುಂದಾಪುರಕ್ಕೆ ಫೋನ್ ಮಾಡಿದೆ. ಅಮ್ಮ ಎರಡು ಸಲ "ಯಾರ್ ಮಾತಾಡುದು?" ಎಂದು ಕೇಳಿ ಇಟ್ಟುಬಿಟ್ಟಳು. ಹಾಸಿಗೆ ಹಿಡಿದ ಅಪ್ಪನನ್ನು ನೋಡಿಕೊಳ್ಳುತ್ತಿದ್ದವಳಿಗೆ ಗಾಬರಿ ಬೇಡವೆಂದು ಆಪರೇಷನ್ನಿನ ಸುದ್ದಿ ಹೇಳಿರಲಿಲ್ಲ. ನನ್ನ ಗಂಟಲಿನಿಂದ ಹೊರಟದ್ದು ಬರೀ ಗಾಳಿ. ಆ ಸಂಜೆ ಕೂತು ಅವಳಿಗೆ ಕಾಗದ ಬರೆದೆ.

ಆಗ ನನಗೆ ಇಪ್ಪತ್ತೆಂಟು. ಅಮೆರಿಕದ ಗಿರಾಕಿಗಳ ಜತೆ ಫೋನಿನಲ್ಲಿ ಮಾತಾಡುವುದೇ ನನ್ನ ಕೆಲಸ. ದನಿ ಮರಳಲು ಆರು ತಿಂಗಳಾದರೂ ಬೇಕು ಎಂದರು ಡಾಕ್ಟರು. ಕಂಪನಿ ಎರಡು ತಿಂಗಳು ಕಾದು, ಇನ್ನು ಬರುವುದು ಬೇಡ ಎಂದಿತು. ತೆಲುಗು ನಾಡಿನ ಮಣಿಕೊಂಡದ ಕೋಣೆಯಲ್ಲಿ ದಿನವಿಡೀ ಒಬ್ಬಳೇ. ಗೆಳತಿಯರು ಮೊದಮೊದಲು ಬಂದರು. ನಾನು ಉತ್ತರ ಬರೆದು ತೋರಿಸುವಷ್ಟರಲ್ಲಿ ಅವರ ಕಣ್ಣು ಗಡಿಯಾರದತ್ತ ಹೋಗುತ್ತಿತ್ತು. ಆಮೇಲೆ ಬರುವುದನ್ನೇ ಬಿಟ್ಟರು.

ಎದುರಿನ ಅಪಾರ್ಟ್‌ಮೆಂಟ್ ಕಟ್ಟುತ್ತಿದ್ದ ಯಾದಗಿರಿ ಕಡೆಯ ಹೆಂಗಸೊಬ್ಬಳು ನಮ್ಮ ನಲ್ಲಿಯ ನೀರು ಒಯ್ಯುತ್ತಿದ್ದಳು. ಒಂದು ದಿನ ಕೊಡ ಕಾಲ ಮೇಲೆ ಬಿದ್ದು "ಯವ್ವಾ!" ಎಂದು ಚೀರಿದಳು. ಓಡಿಹೋಗಿ "ನೋವಾಯ್ತಾ?" ಎಂದು ಪಿಸುಗುಟ್ಟಿದೆ.

"ಅಯ್ಯ, ನಮ್ಮ ಮಾತೇ ಐತಲ್ರಿ ಅಕ್ಕಾರ!"

ಗಂಟಲಿನ ಮೇಲಿನ ಹೊಲಿಗೆಯ ಗುರುತು ತೋರಿಸಿದೆ.

"ಇರ್ಲಿ ಬಿಡ್ರಿ. ನೀವು ಸುಮ್ನ ಕುಂದರ್ರಿ, ನಾ ಮಾತಾಡ್ತೀನಿ."

ಅಂದಿನಿಂದ ಮಧ್ಯಾಹ್ನದ ಊಟದ ಹೊತ್ತಿಗೆ ಬಂದು ಮಾತಾಡುತ್ತಿದ್ದಳು. ಒಮ್ಮೆ ಗಂಡನ ಎಕ್ಸ್‌ರೇ ತಂದಳು. ತಿಂಗಳಿಂದ ಅವನಿಗೆ ಕೆಮ್ಮು.

"ದವಾಖಾನ್ಯಾಗ ಚೀಟಿ ಕೊಡ್ತಾರ್ರಿ, ಓದಾಕ ಬರಂಗಿಲ್ಲ. ನೀವೂ ಬರ್ರಿ."

"ದನಿಯೇ ಇಲ್ಲದವಳು ಬಂದು ಏನು ಮಾಡಲಿ?"

"ಬಾಯಿ ನಂದು, ಓದೂದು ನಿಮ್ದು."

ಹಾಗೆಯೇ ಆಯಿತು. ಚೀಟಿ ಓದಿ ಅವಳ ಕಿವಿಯಲ್ಲಿ ಹೇಳುತ್ತಿದ್ದೆ. ಅವಳು ಕೌಂಟರಿನಲ್ಲಿ ಹಿಂದಿಯಲ್ಲಿ ಗಟ್ಟಿಯಾಗಿ ಕೇಳುತ್ತಿದ್ದಳು. ಅವನಿಗೆ ಟಿಬಿ, ಆರು ತಿಂಗಳ ಮಾತ್ರೆ. ನಮ್ಮನ್ನು ನೋಡಿ ಸಾಲಿನಲ್ಲಿದ್ದ ರಾಯಚೂರಿನ ಮುದುಕರೊಬ್ಬರು "ಇದನ್ನೂ ಸ್ವಲ್ಪ ನೋಡವ್ವ" ಎಂದು ತಮ್ಮ ಚೀಟಿ ಚಾಚಿದರು. ಅಂದು ಮನೆಗೆ ಬಂದು ಬಹಳ ದಿನಗಳ ಮೇಲೆ ಹೊಟ್ಟೆ ತುಂಬ ಉಂಡೆ.

ಅವಳ ಗಂಡ ಗುಣವಾದ. ಕಟ್ಟಡ ಮುಗಿಯಿತು, ಅವರು ಬೇರೆ ಕೆಲಸಕ್ಕೆ ಹೋದರು. ಎಲ್ಲಿಗೆಂದು ನನಗೆ ಗೊತ್ತಾಗಲಿಲ್ಲ. ನನ್ನ ದನಿ ಅರ್ಧ ಮರಳಿತು, ಒಡಕಾಗಿ. ಮಾತು ಬೇಡದ ಬೇರೊಂದು ಕೆಲಸ ಸಿಕ್ಕಿತು. ಕೋಣೆಯಲ್ಲಿ ಈಗಲೂ ಒಬ್ಬಳೇ. ಕೆಲವು ಸಂಜೆ ಅದನ್ನು ಸಹಿಸಲಾಗುವುದಿಲ್ಲ. ಆದರೆ ಶನಿವಾರ ಬೆಳಿಗ್ಗೆ ಬೇಗ ಎದ್ದು ಸ್ನಾನ ಮಾಡಿ ಆ ದವಾಖಾನೆಗೆ ಹೋಗುತ್ತೇನೆ. ಅಲ್ಲಿ ಯಾರಾದರೂ ಚೀಟಿ ಹಿಡಿದು ನಿಂತಿರುತ್ತಾರೆ.