ಕಲ್ಲಿನ ಮೇಲೆ ಬರೆಸಿದ ಅಕ್ಷರ

ಅಣ್ಣ ಫ್ರಾನ್ಸಿಗೆ ಹೊರಟ ದಿನ ಮಿರಜ ಸ್ಟೇಷನ್ನಿನಲ್ಲಿ ಅಪ್ಪ ಅವನ ಮುಖ ನೋಡಲಿಲ್ಲ. ಸಾಂಗಲಿ ಪೇಟೆಯಲ್ಲಿ ನಮ್ಮದು ಅರಿಶಿನದ ಅಂಗಡಿ. ಹರಿಪುರದಲ್ಲಿ ನೆಲ ತೋಡಿದ ಹಗೇವುಗಳಲ್ಲಿ ಅರಿಶಿನ ತುಂಬಿಡುತ್ತಿದ್ದೆವು. ಹಿರಿಮಗ ಅಂಗಡಿ ಬಿಟ್ಟು, ಅದೇ ಅರಿಶಿನದ ಬಣ್ಣವನ್ನು ಶೋಧಿಸಲು ಸಮುದ್ರ ದಾಟುವುದು ಅಪ್ಪನಿಗೆ ಹುಚ್ಚಾಟವಾಗಿ ಕಂಡಿತ್ತು.

"ಹೊಂಟೀಯಲ್ಲ, ಹೋಗು. ಅಲ್ಲೆ ನನ್ನ ಹೆಸರು ಮಾತ್ರ ಹಚ್ಚಿಕೋಬ್ಯಾಡ," ಎಂದರು.

"ಆತ್ರಿ ಅಪ್ಪಾ," ಎಂದ ಅಣ್ಣ.

ನಮ್ಮ ಕಡೆ ಗಂಡಸಿನ ಹೆಸರಿಗೆ ಮೂರು ಭಾಗ: ತನ್ನದು, ತಂದೆಯದು, ಊರಿನಿಂದ ಬಂದ ಅಡ್ಡಹೆಸರು. ನಡುವಿನದನ್ನು ತೆಗೆದರೆ ಯಾರ ಮಗ ಎಂಬುದೇ ಹೋಗುತ್ತದೆ.

ಮೂರನೆಯ ಚಳಿಗಾಲದಲ್ಲಿ ಅಣ್ಣ ಅಲ್ಲಿಯೇ ಎದೆಯ ರೋಗದಿಂದ ತೀರಿಕೊಂಡ. ಅವನ ಗುರುಗಳು ಇಂಗ್ಲಿಷಿನಲ್ಲಿ ಕಾಗದ ಬರೆದು, ಅವನ ಲೇಖನ ಅಚ್ಚಾದ ಫ್ರೆಂಚ್ ಪತ್ರಿಕೆಯನ್ನೂ ಕಳಿಸಿದ್ದರು. ಹೂಳಿದ್ದೇವೆ, ಕಲ್ಲಿನ ಮೇಲೆ ಹೆಸರು ಹೇಗಿರಬೇಕು ತಿಳಿಸಿ ಎಂದಿತ್ತು. ನಾವೂ ಹೂಳುವ ಜನ. ಅದೊಂದೇ ಸಮಾಧಾನ.

ಮನೆಯಲ್ಲಿ ಇಂಗ್ಲಿಷ್ ಬರುತ್ತಿದ್ದುದು ನನಗೊಬ್ಬಳಿಗೇ. ಫ್ರೆಂಚ್ ತಿಳಿಯದಿದ್ದರೂ ಅಕ್ಷರಗಳು ಗೊತ್ತಿದ್ದವು. ಕಾಗದ ಬಂದ ವಾರದ ಮೇಲೆ ಪತ್ರಿಕೆ ಬಿಡಿಸಿ ನೋಡಿದೆ. ಲೇಖನದ ಮೇಲೆ ಅಣ್ಣನ ಹೆಸರಿನ ಮೊದಲಕ್ಷರವೂ ಇರಲಿಲ್ಲ. ಒಂದು 'ಎಂ', ಒಂದು ಚುಕ್ಕೆ, ನಮ್ಮ ಅಡ್ಡಹೆಸರು, ಅಷ್ಟೇ.

ಅಪ್ಪನ ಹೆಸರು ಆ ಅಕ್ಷರದಿಂದಲೇ ಶುರುವಾಗುತ್ತಿತ್ತು.

"ಇನ್ನೊಮ್ಮೆ ನೋಡವಾ. ನಂದ ಏನು?"

"ನಿಮ್ಮದ ರೀ."

"ಬ್ಯಾಡಂದ್ರೂ ಹಚ್ಚ್ಯಾನ. ತನ್ನ ಹೆಸರು ಬಿಟ್ಟು ನಂದ ಇಟ್ಟಾನ! ನನಗಿಂತ ಹಟಮಾರಿ," ಎಂದು ಅಪ್ಪ ಧೋತರದ ಚುಂಗಿನಿಂದ ಮುಖ ಒರೆಸಿಕೊಂಡರು. "ಕಲ್ಲಿನ ಮ್ಯಾಲೂ ಹಿಂಗ ಕೆತ್ತಸ್ರಿ ಅಂತ ಬರಿ."

ಸುದ್ದಿ ಬಂದಂದಿನಿಂದ ಗಂಜಿಯಷ್ಟೇ ಕುಡಿಯುತ್ತಿದ್ದವರು ಅಂದು ರೊಟ್ಟಿಗೆ ಕುಳಿತರು. ನಾನು ಹಾಳೆ ತಿರುವಿದೆ. ಮುಂದಿನ ಲೇಖನ ಬರೆದವರ ಹೆಸರಿನ ಮೊದಲಿಗೂ ಅದೇ ಅಕ್ಷರ, ಅದೇ ಚುಕ್ಕೆ. ಅದರ ಮುಂದಿನದಕ್ಕೂ. ಒಳಗಿನಿಂದ ಅಪ್ಪ, "ಶೇಂಗಾಚಟ್ನಿ ಐತೇನು?" ಎಂದು ಕೇಳಿದರು. ಪತ್ರಿಕೆ ಮುಚ್ಚಿ ಚಟ್ನಿ ಬಡಿಸಿದೆ. ಮರುದಿನ ಅವರು ಹೇಳಿದಂತೆಯೇ ಬರೆದು ಅಂಚೆಗೆ ಹಾಕಿದೆ. ಹಾಗೆಯೇ ಕೆತ್ತಿಸಿದ್ದೇವೆ ಎಂದು ಉತ್ತರ ಬಂತು.

ಒಂದು ವರ್ಷದ ನಂತರ ಅಪ್ಪನೂ ಹೋದರು. ಆಮೇಲಷ್ಟೇ ಆ ಪತ್ರಿಕೆಯನ್ನು ಮಿರಜಿನಲ್ಲಿ ಫ್ರೆಂಚ್ ಬಲ್ಲ ಡಾಕ್ಟರರೊಬ್ಬರಿಗೆ ತೋರಿಸಿದೆ.

"ಈ 'ಎಂ' ಯಾರ ಹೆಸರೂ ಅಲ್ಲರಿ ಬಾಯಿ. ಶ್ರೀಯುತ ಅಂದಂಗ. ಅಲ್ಲೆ ಎಲ್ಲಾರಿಗೂ ಹಚ್ಚತಾರ," ಎಂದರು.

ಅಣ್ಣ ಸ್ಟೇಷನ್ನಿನಲ್ಲಿ ಕೊಟ್ಟ ಮಾತನ್ನು ಉಳಿಸಿಕೊಂಡಿದ್ದನೋ, ಅಪ್ಪನ ಹೆಸರನ್ನು ಅಚ್ಚಿನವರೇ ಬಿಟ್ಟಿದ್ದರೋ, ಹೇಳುವವರಿಲ್ಲ. ಮೂರು ಹೆಸರನ್ನೂ ಬಿಡಿಸಿ ಬರೆದು ಹೊಸ ಕಾಗದ ಕಳಿಸಿದೆ. ಅಷ್ಟರಲ್ಲಿ ಯುರೋಪಿನಲ್ಲಿ ಯುದ್ಧ ಶುರುವಾಗಿ ಫ್ರಾನ್ಸಿನ ಅಂಚೆ ನಿಂತಿತ್ತು. ಲಕೋಟೆ ಒಡೆಯದೆ ಮರಳಿ ಬಂತು.

ನಮ್ಮ ಅಡ್ಡಹೆಸರಿನ ಗಂಡಸರು ಸಾಂಗಲಿ ಪೇಟೆಯಲ್ಲೇ ಎಷ್ಟೋ ಮಂದಿ ಇದ್ದಾರೆ. ಅವರಲ್ಲಿ ಯಾರು ಬೇಕಾದರೂ ಆ ಕಲ್ಲಿನ ಕೆಳಗಿರಬಹುದು.